ಸರ್ವರ್ ಬಾಡಿಗೆ ವ್ಯಾಪಾರ: ಸಣ್ಣವರಿಗೆ ಜಾಗ ಎಲ್ಲಿದೆ?

ಅಮೆಜಾನ್ 2006ರಲ್ಲಿ ಕ್ಲೌಡ್ ಸೇವೆ ಶುರು ಮಾಡಿತು. ಕಂಪ್ಯೂಟರಿನ ಶಕ್ತಿಯನ್ನು ಗಂಟೆ ಲೆಕ್ಕದಲ್ಲಿ ಕೊಳ್ಳಬಹುದಾದ ಮೇಲೆ ಇಡೀ ಸರ್ವರನ್ನು ತಿಂಗಳ ಬಾಡಿಗೆಗೆ ಯಾರು ಹಿಡಿಯುತ್ತಾರೆ, ಆ ವ್ಯಾಪಾರದ ಕಾಲ ಮುಗಿಯಿತು ಎಂಬ ಮಾತು ಆಗಿನಿಂದಲೂ ಕೇಳಿಬರುತ್ತಿದೆ. ಮುಗಿಯಲಿಲ್ಲ. ಜರ್ಮನಿಯ ಹೆಟ್ಸ್‌ನರ್, ಫ್ರಾನ್ಸಿನ ಓವಿಎಚ್, ನೆದರ್ಲೆಂಡ್ಸ್‌ನ ಲೀಸ್‌ವೆಬ್ ಇವತ್ತಿಗೂ ಅದೇ ವ್ಯಾಪಾರ ಮಾಡುತ್ತಿವೆ. 2022ರ ಅಕ್ಟೋಬರಿನಲ್ಲಿ ಬೇಸ್‌ಕ್ಯಾಂಪ್ ತಂತ್ರಾಂಶದ ಒಡೆಯನಾದ 37ಸಿಗ್ನಲ್ಸ್ ಕಂಪನಿ ತಾನು ಕ್ಲೌಡ್ ಬಿಡುತ್ತೇನೆಂದು ಸಾರಿತು. ಆ ವರ್ಷ ಅದು ತೆತ್ತ ಕ್ಲೌಡ್ ಬಿಲ್ಲು 32 ಲಕ್ಷ ಡಾಲರ್. ಮರುವರ್ಷ ಸ್ವಂತ ಸರ್ವರ್‌ಗಳನ್ನು ಕೊಂಡು, ಬೇರೆಯವರ ಡೇಟಾ ಸೆಂಟರಿನಲ್ಲಿಟ್ಟು ನಡೆಸತೊಡಗಿತು. ಕೆಲಸದ ಹೊರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಗಂಟೆ ಬಾಡಿಗೆಗಿಂತ ಪೂರ್ತಿ ಯಂತ್ರವೇ ಅಗ್ಗ ಎಂಬುದನ್ನು ಅದು ತನ್ನ ಲೆಕ್ಕಪತ್ರವನ್ನೇ ಮುಂದಿಟ್ಟು ತೋರಿಸಿತು.

ಹಾಗಾಗಿ ವ್ಯಾಪಾರ ಬದುಕಿದೆಯೇ ಎಂದು ಕೇಳಬೇಕಿಲ್ಲ. ಕೇಳಬೇಕಾದದ್ದು ಬೇರೆ: ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಕೂತ ಇಬ್ಬರು ಲಿನಕ್ಸ್ ಬಲ್ಲವರು, ಹತ್ತಿಪ್ಪತ್ತು ಲಕ್ಷ ಬಂಡವಾಳ ಹೊಂದಿಸಿಕೊಂಡು ಈ ವ್ಯಾಪಾರಕ್ಕೆ ಇಳಿದರೆ ಉಳಿಯಬಹುದೇ? ಬಂಡವಾಳ, ಕರೆಂಟು, ಬ್ಯಾಂಡ್‌ವಿಡ್ತ್, ಗಿರಾಕಿ, ಕಾನೂನು, ಅವಘಡ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಹೌದು ಎಂದೇ ಬರುತ್ತದೆ. ಆದರೆ ಷರತ್ತಿನ ಮೇಲೆ. ಯಂತ್ರವನ್ನು ಮಾರುತ್ತೇನೆ ಎಂದುಕೊಂಡವರು ಸೋಲುತ್ತಾರೆ. ಯಂತ್ರದ ಜವಾಬ್ದಾರಿಯನ್ನು ಮಾರುವವರಿಗೆ ಜಾಗ ಇದೆ.

ಬಾಡಿಗೆಗೆ ಕೊಡುವುದು ಏನನ್ನು?

ಹೋಸ್ಟಿಂಗ್ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಸರಕು ಮಾರಾಟವಾಗುತ್ತದೆ. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟ್ ಇಡುವುದು ಶೇರ್ಡ್ ಹೋಸ್ಟಿಂಗ್. ಒಂದು ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ತುಂಡು ಮಾಡಿ, ಒಂದೊಂದು ತುಂಡನ್ನು ಒಬ್ಬೊಬ್ಬರಿಗೆ ಕೊಡುವುದು ವಿಪಿಎಸ್. ಪ್ರೊಸೆಸರ್, ಮೆಮೊರಿ, ಡಿಸ್ಕ್ ಸಮೇತ ಇಡೀ ಯಂತ್ರವನ್ನು ಒಬ್ಬನೇ ಗಿರಾಕಿಗೆ ಬಿಟ್ಟುಕೊಡುವುದು ಡೆಡಿಕೇಟೆಡ್ ಸರ್ವರ್. ಯಂತ್ರ ಗಿರಾಕಿಯದೇ ಆಗಿದ್ದು ಜಾಗ, ಕರೆಂಟು, ಇಂಟರ್ನೆಟ್ ಮಾತ್ರ ನಮ್ಮದಾದರೆ ಅದು ಕೊಲೊಕೇಶನ್.

ಡೆಡಿಕೇಟೆಡ್ ಸರ್ವರಿಗೆ ಗಿರಾಕಿ ಯಾಕೆ ಹೆಚ್ಚು ದುಡ್ಡು ಕೊಡುತ್ತಾನೆ? ಪಕ್ಕದವನ ವೆಬ್‌ಸೈಟಿಗೆ ಜನ ಮುಗಿಬಿದ್ದರೆ ತನ್ನದು ನಿಧಾನವಾಗಬಾರದು, ದೊಡ್ಡ ಡೇಟಾಬೇಸಿಗೆ ಡಿಸ್ಕಿನ ಪೂರ್ತಿ ವೇಗ ಬೇಕು, ತನ್ನ ಮಾಹಿತಿ ಇರುವ ಯಂತ್ರ ಯಾವುದು ಎಂದು ಆಡಿಟರಿಗೆ ಬೆರಳು ಮಾಡಿ ತೋರಿಸಬೇಕು ಎಂಬ ಕಾರಣಗಳಿಗೆ. ತಿಂಗಳ ಬಿಲ್ಲು ಎಷ್ಟೆಂದು ಮೊದಲೇ ಗೊತ್ತಿರುವುದು ಇನ್ನೊಂದು ಕಾರಣ. ಕ್ಲೌಡಿನಲ್ಲಿ ಹೊರಹೋಗುವ ಡೇಟಾಕ್ಕೆ ಜಿಬಿ ಲೆಕ್ಕದಲ್ಲಿ ದುಡ್ಡು. ವಿಡಿಯೊ ಹಂಚುವವರಿಗೆ, ದೊಡ್ಡ ಕಡತ ಕಳಿಸುವವರಿಗೆ ಆ ಲೆಕ್ಕ ಕೈಕಚ್ಚುತ್ತದೆ.

ಹಿರಿಯರು ಗೆದ್ದ ಬಗೆ

ಈ ವ್ಯಾಪಾರದ ದೊಡ್ಡ ಹೆಸರುಗಳೆಲ್ಲ ಸಣ್ಣದಾಗಿ ಶುರುವಾದವೇ. ಮಾರ್ಟಿನ್ ಹೆಟ್ಸ್‌ನರ್ 1997ರಲ್ಲಿ ಜರ್ಮನಿಯ ಗುಂಟ್ಸನ್‌ಹೌಸೆನ್ ಎಂಬ ಸಣ್ಣ ಊರಲ್ಲಿ ತಮ್ಮ ಕಂಪನಿ ತೆರೆದರು. ಆಕ್ಟೇವ್ ಕ್ಲಾಬಾ 1999ರಲ್ಲಿ ಫ್ರಾನ್ಸಿನ ರೂಬೆ ಪಟ್ಟಣದಲ್ಲಿ ಓವಿಎಚ್ ಕಟ್ಟಿದರು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 1998ರಲ್ಲಿ ರ್‍ಯಾಕ್‌ಸ್ಪೇಸ್ ಹುಟ್ಟಿತು. ಹ್ಯೂಸ್ಟನ್, ಡಲ್ಲಸ್ ನಗರಗಳಲ್ಲಿ ಮುಂದಿನ ಕೆಲವು ವರ್ಷ ಸರ್ವರ್ ಬಾಡಿಗೆಯ ಕಂಪನಿಗಳು ಸಾಲಾಗಿ ಎದ್ದವು. 2005ರಲ್ಲಿ ಶುರುವಾದ ಸಾಫ್ಟ್‌ಲೇಯರನ್ನು 2013ರಲ್ಲಿ ಐಬಿಎಂ ಸುಮಾರು 200 ಕೋಟಿ ಡಾಲರಿಗೆ ಕೊಂಡಿತು.

ಇವರು ಹಿಡಿದ ದಾರಿ ಎರಡು. ಹೆಟ್ಸ್‌ನರ್, ಓವಿಎಚ್ ಹಿಡಿದದ್ದು ಬೆಲೆಯ ದಾರಿ. ಓವಿಎಚ್ ಸರ್ವರ್‌ಗಳನ್ನು ತಾನೇ ಜೋಡಿಸಿ, ನೀರಿನಿಂದ ತಂಪು ಮಾಡುವ ವ್ಯವಸ್ಥೆಯನ್ನೂ ತಾನೇ ರೂಪಿಸಿಕೊಂಡಿತು. ಹೆಟ್ಸ್‌ನರ್ ತನ್ನ ಹಳೆಯ ಸರ್ವರ್‌ಗಳನ್ನು ಹರಾಜಿನ ರೀತಿಯಲ್ಲಿ ಬೆಲೆ ಇಳಿಸುತ್ತ ಹೋಗಿ ಮತ್ತೆ ಬಾಡಿಗೆಗೆ ಹಚ್ಚುತ್ತದೆ. ಯಂತ್ರದ ಅಸಲು ಎಂದೋ ಹುಟ್ಟಿರುವುದರಿಂದ ಆ ಬಾಡಿಗೆಯಲ್ಲಿ ಬಹುಪಾಲು ಲಾಭವೇ. ರ್‍ಯಾಕ್‌ಸ್ಪೇಸ್ ಹಿಡಿದದ್ದು ಸೇವೆಯ ದಾರಿ. ಗಿರಾಕಿಗೆ ತೊಂದರೆಯಾದಾಗ ಫೋನೆತ್ತುವ ತಿಳಿದ ಮನುಷ್ಯನನ್ನೇ ಅದು ತನ್ನ ಸರಕಾಗಿ ಜಾಹೀರು ಮಾಡಿತು.

ಆ ಕಾಲದಲ್ಲಿ ಭಾರತದ ಬಹುತೇಕ ಹೋಸ್ಟಿಂಗ್ ವ್ಯಾಪಾರಿಗಳು ಅಮೆರಿಕದ ಸರ್ವರ್ ಬಾಡಿಗೆಗೆ ಹಿಡಿದು ಇಲ್ಲಿ ಮಾರುತ್ತಿದ್ದರು. ಆಗ ನಮ್ಮ ಬ್ಯಾಂಡ್‌ವಿಡ್ತ್ ದುಬಾರಿಯಾಗಿತ್ತು, ಕರೆಂಟಿನ ಭರವಸೆ ಇರಲಿಲ್ಲ. ಕೊಚ್ಚಿಯಲ್ಲಿ ಅಮೆರಿಕದ ಹೋಸ್ಟಿಂಗ್ ಕಂಪನಿಗಳ ಪರವಾಗಿ ರಾತ್ರಿ ಪಾಳಿಯಲ್ಲಿ ಗಿರಾಕಿಗಳ ದೂರು ಬಗೆಹರಿಸಿಕೊಡುವ ಸಂಸ್ಥೆಗಳೇ ಬೆಳೆದವು. ಅಂದರೆ ಯಂತ್ರ ಅಲ್ಲಿತ್ತು, ಅದನ್ನು ನೋಡಿಕೊಳ್ಳುವ ಕೈ ಇಲ್ಲಿತ್ತು. ಈಗ ಯಂತ್ರ ಇಡುವ ಜಾಗವೂ ಇಲ್ಲೇ ಇದೆ. ಸಮುದ್ರದಡಿಯ ಕೇಬಲ್‌ಗಳು ದಡ ಮುಟ್ಟುವ ಮುಂಬಯಿ, ಚೆನ್ನೈಗಳಲ್ಲಿ ದೊಡ್ಡ ಡೇಟಾ ಸೆಂಟರ್‌ಗಳು ಗುಂಪುಗೂಡಿವೆ. ಬೆಂಗಳೂರಲ್ಲೂ ದೊಡ್ಡ ಕಂಪನಿಗಳ ಕೇಂದ್ರಗಳಿವೆ. ಅಮೆಜಾನಿನ ಕ್ಲೌಡ್ 2016ರಲ್ಲಿ ಮುಂಬಯಿಗೆ ಬಂತು. ಅನುಕೂಲ ಬಂದ ದಾರಿಯಲ್ಲೇ ಪೈಪೋಟಿಯೂ ಬಂತು.

ಒಳಗೆ ಹೋಗಲು ಮೂರು ಬಾಗಿಲು

ಮೊದಲನೆಯದು ಮರುಮಾರಾಟ. ದೊಡ್ಡ ಕಂಪನಿಯ ಸರ್ವರನ್ನು ನಾವು ಬಾಡಿಗೆಗೆ ಹಿಡಿದು, ಅದಕ್ಕೆ ಆಪರೇಟಿಂಗ್ ಸಿಸ್ಟಂ ಹಾಕಿ, ಭದ್ರಪಡಿಸಿ, ಬ್ಯಾಕಪ್ ಕಟ್ಟಿ, ನಿರ್ವಹಣೆ ಸೇರಿಸಿ ಗಿರಾಕಿಗೆ ಕೊಡುವುದು. ಬಂಡವಾಳ ಬಹಳ ಕಡಿಮೆ. ಗಿರಾಕಿ ಬಿಟ್ಟುಹೋದರೆ ಆ ತಿಂಗಳ ಕೊನೆಗೆ ನಾವೂ ಸರ್ವರ್ ಬಿಡಬಹುದು. ತೊಂದರೆ ಏನೆಂದರೆ ಯಂತ್ರ ಕೆಟ್ಟಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೇಲಿನವರ ಉತ್ತರಕ್ಕೆ ಕಾಯುತ್ತ, ಕೆಳಗಿನವರ ಬೈಗುಳ ಕೇಳುತ್ತ ಇರಬೇಕು.

ಎರಡನೆಯದು ಸ್ವಂತ ಯಂತ್ರ, ಬೇರೆಯವರ ಜಾಗ. ಡೇಟಾ ಸೆಂಟರಿನಲ್ಲಿ ಕಾಲು ರ್‍ಯಾಕೋ ಅರ್ಧ ರ್‍ಯಾಕೋ ಬಾಡಿಗೆಗೆ ಹಿಡಿದು ನಮ್ಮ ಸರ್ವರ್‌ಗಳನ್ನು ಇಡುವುದು. ಪೂರ್ಣ ರ್‍ಯಾಕಿನಲ್ಲಿ ಸಾಮಾನ್ಯವಾಗಿ 42 ಯು ಜಾಗ. ಒಂದು ಯು ಎಂದರೆ 1.75 ಇಂಚು ಎತ್ತರ. ಹಾಗೆಂದು 42 ಸರ್ವರ್ ಹಿಡಿಸುತ್ತವೆ ಎಂದು ಲೆಕ್ಕ ಹಾಕಿದವರು ಎಡವುತ್ತಾರೆ. ಜಾಗಕ್ಕಿಂತ ಮೊದಲೇ ಮುಗಿಯುವುದು ಕರೆಂಟು. ರ್‍ಯಾಕಿಗೆ ಇಷ್ಟು ಕೆವಿಎ ಎಂದು ಕರಾರಿನಲ್ಲಿ ಮಿತಿ ಇರುತ್ತದೆ, ಅದನ್ನು ಮೀರಿದರೆ ಬೇರೆ ದರ. ಸ್ವಿಚ್ಚಿಗೆ, ದೂರದಿಂದಲೇ ಕರೆಂಟು ಆಫ್-ಆನ್ ಮಾಡುವ ಪವರ್ ಪಟ್ಟಿಗೆ, ಗಾಳಿ ಆಡಲು ಜಾಗ ಬಿಡಬೇಕು.

ಮೂರನೆಯದು ಸ್ವಂತ ಕೋಣೆ. ಮನೆಯ ಮಹಡಿಯಲ್ಲೋ ಕಚೇರಿಯ ಹಿಂದಿನ ಕೋಣೆಯಲ್ಲೋ ಎಸಿ, ಯುಪಿಎಸ್, ಜನರೇಟರ್ ಕೂಡಿಸಿ ಅದಕ್ಕೆ ಡೇಟಾ ಸೆಂಟರ್ ಎಂದು ಬೋರ್ಡು ಹಾಕುವುದು. ಇದನ್ನು ಮಾಡಲೇಬಾರದು. ಎರಡು ಬೇರೆ ಬೇರೆ ದಾರಿಯ ವಿದ್ಯುತ್ತು, ಎರಡು ಕಂಪನಿಗಳ ಫೈಬರ್, ಸರ್ವರಿಗೆ ಹಾನಿ ಮಾಡದೆ ಬೆಂಕಿ ಆರಿಸುವ ಅನಿಲ, ಒಂದು ಎಸಿ ಕೆಟ್ಟರೆ ತಕ್ಷಣ ಕೆಲಸ ವಹಿಸುವ ಇನ್ನೊಂದು ಎಸಿ, ಇಷ್ಟೂ ಸಣ್ಣ ಬಂಡವಾಳಕ್ಕೆ ದಕ್ಕುವುದಿಲ್ಲ. ಕರ್ನಾಟಕ ಸರ್ಕಾರ 2022-27ರ ಅವಧಿಗೆ ಡೇಟಾ ಸೆಂಟರ್ ನೀತಿ ತಂದಿದೆ. ಅದು ಕೇಂದ್ರವನ್ನೇ ಕಟ್ಟುವ ಹೂಡಿಕೆದಾರರ ಆಟ. ನಾಲ್ಕು ಸರ್ವರ್ ಬಾಡಿಗೆಗೆ ಕೊಡುವವರು ಅದನ್ನು ನಂಬಿ ಕಟ್ಟಡಕ್ಕೆ ಕೈ ಹಾಕಬಾರದು.

ಸಣ್ಣವರಿಗೆ ಒಪ್ಪುವ ಕ್ರಮ ಇಷ್ಟೇ: ಮೊದಲ ಬಾಗಿಲಿಂದ ಒಳಹೋಗಿ ಗಿರಾಕಿಗಳನ್ನು ಸಂಪಾದಿಸಿಕೊಂಡು, ಬಿಟ್ಟುಹೋಗದ ಗಿರಾಕಿಗಳು ಎಷ್ಟು ಎಂದು ಗೊತ್ತಾದ ಮೇಲೆ, ಅವರಿಗೆ ಬೇಕಾದಷ್ಟೇ ಯಂತ್ರ ಕೊಂಡು ಎರಡನೆಯದಕ್ಕೆ ಸಾಗುವುದು.

ದುಡ್ಡಿನ ಲೆಕ್ಕ

ಒಂದು ಸರ್ವರಿನ ಲೆಕ್ಕ ಹಾಕೋಣ. ಇಲ್ಲಿನ ರೂಪಾಯಿಗಳು ಉದಾಹರಣೆಗಾಗಿ ಹಿಡಿದವು. ನಿಮ್ಮ ಊರಿನ, ನಿಮ್ಮ ಕರಾರಿನ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಬಹುದು.

ಯಂತ್ರದ ಬೆಲೆ 3 ಲಕ್ಷ ರೂಪಾಯಿ, ದುಡಿಯುವ ಆಯಸ್ಸು 48 ತಿಂಗಳು ಎಂದುಕೊಂಡರೆ ಸವಕಳಿ ತಿಂಗಳಿಗೆ 6,250. ಕರೆಂಟು: ಸರ್ವರ್ ಸರಾಸರಿ 250 ವಾಟ್ ಎಳೆದರೆ 30 ದಿನಕ್ಕೆ 180 ಯೂನಿಟ್. ತಂಪು ಮಾಡಲು, ಯುಪಿಎಸ್ಸಿನಲ್ಲಿ ಸೋರಿಹೋಗಲು ಇನ್ನೂ ಅರ್ಧಕ್ಕಿಂತ ಹೆಚ್ಚು ಸೇರಿದರೆ 280 ಯೂನಿಟ್ ದಾಟುತ್ತದೆ. ಜಾಗದ ಬಾಡಿಗೆಯೂ ಸೇರಿ 5,000 ಎನ್ನೋಣ. ಬ್ಯಾಂಡ್‌ವಿಡ್ತ್ ಪಾಲು 2,000. ಐಪಿ ವಿಳಾಸ, ಲೈಸೆನ್ಸು 500. ಇಬ್ಬರು ಕೆಲಸಗಾರರ 80,000 ಸಂಬಳವನ್ನು 40 ಸರ್ವರಿಗೆ ಹಂಚಿದರೆ ಒಂದಕ್ಕೆ 2,000. ಡಿಸ್ಕ್, ಫ್ಯಾನು, ಪವರ್ ಸಪ್ಲೈ ಬದಲಿಸಲು ತೆಗೆದಿಡುವುದು 750. ಒಟ್ಟು 16,500.

ಇಲ್ಲಿಗೆ ಲೆಕ್ಕ ನಿಲ್ಲಿಸಿ, ಮೇಲೆ ಮೂರು ಸಾವಿರ ಲಾಭ ಇಟ್ಟು 19,500ಕ್ಕೆ ಬಾಡಿಗೆ ಹಾಕುವವರು ಬಹಳ. ಅವರು ಮರೆಯುವುದು ಖಾಲಿ ಕೂತ ಯಂತ್ರವನ್ನು. ನೂರಕ್ಕೆ ಎಪ್ಪತ್ತು ಸರ್ವರ್ ಮಾತ್ರ ಬಾಡಿಗೆಗೆ ಹೋದರೆ, ಉಳಿದ ಮೂವತ್ತರ ಖರ್ಚನ್ನೂ ಆ ಎಪ್ಪತ್ತೇ ಹೊರಬೇಕು. ಆಗ ಒಂದೊಂದರ ಬಾಡಿಗೆ ಸುಮಾರು 23,600 ಆದರೆ ಮಾತ್ರ ಅಸಲು ಹುಟ್ಟುತ್ತದೆ. ಇದರಲ್ಲಿ ಲಾಭವೂ ಇಲ್ಲ, ಸಾಲದ ಬಡ್ಡಿಯೂ ಇಲ್ಲ. ಸಾಲ ಮಾಡಿ ಕಾರು ಕೊಂಡು ಟ್ರಾವೆಲ್ಸ್‌ಗೆ ಬಿಟ್ಟವರಿಗೆ ಈ ಪಾಠ ಹೊಸದಲ್ಲ: ಓಡಿದ ದಿನದ ಬಾಡಿಗೆಯಲ್ಲಿ ನಿಂತ ದಿನದ ಕಂತೂ ಬರಬೇಕು. ಅದೇ ಬಾಡಿಗೆಗೆ ಒಬ್ಬ ಗಿರಾಕಿ ಬಿಡದೆ ನಿಂತರೆ ಎರಡು ವರ್ಷದೊಳಗೇ ಯಂತ್ರದ ಹಣ ವಾಪಸಾಗುತ್ತದೆ, ಆಮೇಲಿನದು ಲಾಭ. ಹೀಗಾಗಿ ಈ ವ್ಯಾಪಾರದಲ್ಲಿ ಹೊಸ ಗಿರಾಕಿ ತರುವುದಕ್ಕಿಂತ ಹಳೆಯ ಗಿರಾಕಿ ಉಳಿಯುವುದೇ ದೊಡ್ಡದು.

ಅಗ್ಗದ ವಿದೇಶಿ ಸರ್ವರಿನ ಬೆಲೆಯನ್ನು ಈ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಹೆಟ್ಸ್‌ನರಿನ ಹಳೆಯ ಯಂತ್ರ ತಿಂಗಳಿಗೆ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಬೆಲೆಯ ಕುಸ್ತಿಗೆ ಇಳಿದ ದಿನವೇ ನಾವು ಸೋತಂತೆ.

ಯಂತ್ರ ಕೊಳ್ಳುವಾಗಿನ ವಿವೇಕವೂ ಲಾಭವೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಿ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಸರ್ವರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಹಳೆಯ ಯಂತ್ರ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ತಿನ್ನುತ್ತದೆ. ಕೊಳ್ಳುವಾಗ ಉಳಿದದ್ದು ಮೀಟರಿನಲ್ಲಿ ಹೋಗಬಹುದು. ತಪ್ಪು ತಿದ್ದುವ ಇಸಿಸಿ ಮೆಮೊರಿ, ಜೋಡಿ ಪವರ್ ಸಪ್ಲೈ, ಆಪರೇಟಿಂಗ್ ಸಿಸ್ಟಂ ಏಳದಿದ್ದರೂ ದೂರದಿಂದ ಪರದೆ ನೋಡಿ ರೀಸ್ಟಾರ್ಟ್ ಮಾಡಿಸುವ ಐಪಿಎಂಐ ಸೌಲಭ್ಯ, ಈ ಮೂರು ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಒಂದೇ ಮಾದರಿಯ ಯಂತ್ರಗಳನ್ನೇ ಕೊಂಡರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಬರುತ್ತದೆ. ವಿದೇಶದಿಂದ ನೇರ ತರಿಸುವ ಯೋಚನೆ ಇದ್ದರೆ ಒಂದು ತೊಡಕಿದೆ: ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಲ್ಯಾಪ್‌ಟಾಪುಗಳ ಜೊತೆ ಸರ್ವರ್‌ಗಳ ಆಮದಿಗೂ ಅನುಮತಿಯ ಕಟ್ಟು ಹಾಕಿತು. ಇಲ್ಲಿನ ವಿತರಕರಿಂದ ಬಿಲ್ಲು, ವಾರಂಟಿ ಸಮೇತ ಕೊಳ್ಳುವುದೇ ಸುಲಭ.

ಬ್ಯಾಂಡ್‌ವಿಡ್ತ್ ಮತ್ತು ವಿಳಾಸ

ಹೊಸಬರಿಗೆ ಹೆಚ್ಚು ಗೊಂದಲವಾಗುವುದು ಬ್ಯಾಂಡ್‌ವಿಡ್ತಿನ ಬಿಲ್ಲು. ಸೆಕೆಂಡಿಗೆ ಒಂದು ಮೆಗಾಬಿಟ್ ಎಡೆಬಿಡದೆ ಹರಿದರೆ 30 ದಿನದಲ್ಲಿ 324 ಜಿಬಿ ಆಗುತ್ತದೆ. ನೂರು ಮೆಗಾಬಿಟ್ಟಿನ ಸಂಪರ್ಕ ಪೂರ್ತಿ ತುಂಬಿ ಹರಿದರೆ 32 ಟಿಬಿಗೂ ಮಿಕ್ಕಿ. ಡೇಟಾ ಸೆಂಟರ್‌ಗಳು ಹಲವು ಸಲ 95ನೇ ಶೇಕಡಾಂಕದ ಲೆಕ್ಕ ಹಾಕುತ್ತವೆ: ಪ್ರತಿ 5 ನಿಮಿಷಕ್ಕೊಮ್ಮೆ ಹರಿವು ಅಳೆದು, ಅಳತೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಶೇಕಡ 5ನ್ನು ಬಿಟ್ಟು, ಅದರ ಕೆಳಗಿನದಕ್ಕೆ ದರ ಹಾಕುತ್ತವೆ. ತಿಂಗಳಲ್ಲಿ ಒಟ್ಟು 36 ಗಂಟೆ ಹರಿವು ಎಷ್ಟೇ ಏರಿದರೂ ಅದಕ್ಕೆ ಬಿಲ್ಲಿಲ್ಲ. 37ನೇ ಗಂಟೆಗೆ ಇಡೀ ತಿಂಗಳ ಬಿಲ್ಲೇ ಏರುತ್ತದೆ. ಗಿರಾಕಿಗೆ ಅನಿಯಮಿತ ಎಂದು ಮಾತು ಕೊಟ್ಟು ಮೇಲಿನವರಿಂದ ಈ ಲೆಕ್ಕದಲ್ಲಿ ಕೊಂಡವರು ಒಬ್ಬ ವಿಡಿಯೊ ಗಿರಾಕಿ ಬಂದ ತಿಂಗಳು ನಷ್ಟಕ್ಕೆ ಬೀಳುತ್ತಾರೆ.

ಇನ್ನೊಂದು ಕಚ್ಚಾಮಾಲು ಐಪಿ ವಿಳಾಸ. ಹಳೆಯ ಮಾದರಿಯ ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಏಷ್ಯಾ-ಪೆಸಿಫಿಕ್ ವಲಯದಲ್ಲಿ 2019ರಿಂದ ಹೊಸ ಸಂಸ್ಥೆಗೆ ಸಿಗುವುದು ಹೆಚ್ಚೆಂದರೆ 512 ವಿಳಾಸ. ಭಾರತದಲ್ಲಿ ಅವನ್ನು ಹಂಚುವುದು ನಿಕ್ಸಿ ಸಂಸ್ಥೆಯ ಅಂಗವಾದ ಐಆರ್‌ಐಎನ್‌ಎನ್. ಶುರುವಿಗೆ ಡೇಟಾ ಸೆಂಟರೇ ಕೊಡುವ ವಿಳಾಸ ಸಾಕು. ಆದರೆ ಮುಂದೆ ಜಾಗ ಬದಲಿಸಬೇಕಾದರೆ ಆ ವಿಳಾಸಗಳನ್ನು ಅಲ್ಲೇ ಬಿಟ್ಟು ಹೋಗಬೇಕು, ಗಿರಾಕಿಗಳೆಲ್ಲ ತಮ್ಮ ವ್ಯವಸ್ಥೆ ಬದಲಿಸಿಕೊಳ್ಳಬೇಕು. ವ್ಯಾಪಾರ ನೆಲೆಗೊಳ್ಳುತ್ತಿದ್ದಂತೆ ಸ್ವಂತ ವಿಳಾಸ ಪಡೆಯುವುದು ಅದಕ್ಕೇ. ಅಮೆಜಾನ್ ಕೂಡ 2024ರ ಫೆಬ್ರುವರಿಯಿಂದ ಒಂದೊಂದು ಐಪಿವಿ4 ವಿಳಾಸಕ್ಕೂ ಗಂಟೆ ಲೆಕ್ಕದಲ್ಲಿ ದುಡ್ಡು ಹಾಕುತ್ತಿದೆ. ವಿಳಾಸವನ್ನು ಪುಕ್ಕಟೆ ಹಂಚುವ ಕಾಲ ಹೋಯಿತು.

ತಂತ್ರಾಂಶದ ಲೈಸೆನ್ಸುಗಳೂ ಹೀಗೇ ಹಿಂಡಬಲ್ಲವು. ಹೋಸ್ಟಿಂಗ್ ಲೋಕದಲ್ಲಿ ಮನೆಮಾತಾಗಿದ್ದ ಸಿಪ್ಯಾನೆಲ್ 2019ರಲ್ಲಿ ಖಾತೆಗಳ ಸಂಖ್ಯೆಗೆ ತಕ್ಕಂತೆ ದರ ಬದಲಿಸಿದಾಗ ಸಣ್ಣ ಹೋಸ್ಟ್‌ಗಳ ಲೆಕ್ಕ ಬುಡಮೇಲಾಯಿತು. ವಿಂಡೋಸ್ ಸರ್ವರ್ ಬಾಡಿಗೆಗೆ ಕೊಡಲು ಅಂಗಡಿಯಲ್ಲಿ ಕೊಂಡ ಸಾಮಾನ್ಯ ಲೈಸೆನ್ಸ್ ನಡೆಯುವುದಿಲ್ಲ. ಸೇವೆ ಮಾರುವವರಿಗೆಂದೇ ಇರುವ ಎಸ್‌ಪಿಎಲ್‌ಎ ಕರಾರು ಬೇಕು. ಲಿನಕ್ಸಿನಲ್ಲೂ ನಿಶ್ಚಿಂತೆಯಿಲ್ಲ. ಅರ್ಧ ಹೋಸ್ಟಿಂಗ್ ಲೋಕ ನಂಬಿದ್ದ ಸೆಂಟ್‌ಒಎಸ್‌ನಲ್ಲಿ ಬೆಂಬಲ ಉಳಿದಿದ್ದ ಕೊನೆಯ ಆವೃತ್ತಿಗೂ 2024ರ ಜೂನ್‌ನಲ್ಲಿ ಅದು ನಿಂತಿತು. ಹಲವರು ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಕಡೆ ಸಾಗಬೇಕಾಯಿತು.

ಗಿರಾಕಿ ಯಾರು?

ಬೆಲೆಯಲ್ಲಿ ಗೆಲ್ಲಲಾಗದವರು ಯಾವುದರಲ್ಲಿ ಗೆಲ್ಲಬಹುದು? ಮೊದಲನೆಯದು ದೂರ. ಬೆಂಗಳೂರಿನಿಂದ ಜರ್ಮನಿಯ ಸರ್ವರಿಗೆ ಒಂದು ಸಂದೇಶ ಹೋಗಿ ಬರಲು ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಮುಂಬಯಿಗಾದರೆ ಅದರ ಕಾಲುಭಾಗದ ಆಸುಪಾಸು. ಸುದ್ದಿ ಓದುವವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸರ್ವರಿನ ಪರದೆಯನ್ನೇ ತನ್ನ ಕಂಪ್ಯೂಟರಿನಲ್ಲಿ ತೆರೆದುಕೊಂಡು ದಿನವಿಡೀ ಟೈಪ್ ಮಾಡುವ ಲೆಕ್ಕಿಗನಿಗೆ ಬಹಳ ದೊಡ್ಡದು.

ಆ ಲೆಕ್ಕಿಗನೇ ನಮ್ಮ ಮೊದಲ ಗಿರಾಕಿ. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ ತಂತ್ರಾಂಶ ಇವತ್ತು ದೇಶದ ಅಂಗಡಿ-ಕಾರ್ಖಾನೆಗಳ ಲೆಕ್ಕ ಬರೆಯುತ್ತದೆ. ಅಂಗಡಿಯವರೂ ಅವರ ಚಾರ್ಟರ್ಡ್ ಅಕೌಂಟೆಂಟರೂ ಒಂದೇ ಕಡತವನ್ನು ಎರಡು ಊರಿಂದ ತೆರೆಯಲು ಒಂದು ವಿಂಡೋಸ್ ಸರ್ವರ್ ಬೇಕು. ಎರಡನೆಯವರು ನರ್ಸಿಂಗ್ ಹೋಂ, ಕಾಲೇಜು, ಪತ್ತಿನ ಸಹಕಾರ ಸಂಘದಂಥ ಸಂಸ್ಥೆಗಳು. ಇವುಗಳಿಗೆ ತಂತ್ರಾಂಶ ಮಾಡಿಕೊಟ್ಟ ಸಣ್ಣ ಕಂಪನಿಗಳು ಅದನ್ನು ಓಡಿಸಲು ನಂಬಿಕೆಯ ಯಂತ್ರ ಹುಡುಕುತ್ತಿರುತ್ತವೆ. ಒಂದೊಂದು ತಂತ್ರಾಂಶ ಕಂಪನಿಯೂ ಹತ್ತಾರು ಗಿರಾಕಿಗಳನ್ನು ತರಬಲ್ಲದು. ಮೂರನೆಯವರು ಮಾಹಿತಿ ದೇಶದೊಳಗೇ ಇರಬೇಕು ಎಂಬ ಕಟ್ಟಿಗೆ ಒಳಗಾದವರು. ಪಾವತಿಯ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆ ವಲಯದ ದೊಡ್ಡ ಕಂಪನಿಗಳು ನಮ್ಮ ಹತ್ತಿರ ಬರುವುದಿಲ್ಲ, ನಿಜ. ಆದರೆ ಡೇಟಾ ಎಲ್ಲಿದೆ ಎಂದು ಕೇಳುವ ಅಭ್ಯಾಸ ಅಲ್ಲಿಂದ ಸಣ್ಣವರಿಗೂ ಹಬ್ಬುತ್ತಿದೆ.

ಇವರೆಲ್ಲರಿಗೂ ಬೇಕಾದ್ದು ಒಂದೇ: ತೊಂದರೆಯಾದಾಗ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಾತಾಡಿ, ವಿಷಯ ಅರ್ಥಮಾಡಿಕೊಂಡು, ಸರಿಮಾಡುವವರು. ದೊಡ್ಡ ಕಂಪನಿಯ ಟಿಕೆಟ್ ಸಾಲಿನಲ್ಲಿ ಹೆಸರಿಲ್ಲದವನಾಗಿ ನಿಲ್ಲುವುದು ಅವರಿಗೆ ಬೇಡ. ಈ ಸೇವೆಗೆ ತಿಂಗಳಿಗೆ ಕೆಲವು ಸಾವಿರ ಹೆಚ್ಚು ಕೊಡಲು ಅವರು ತಯಾರು. ನಮ್ಮ ಲಾಭ ಇರುವುದೇ ಆ ಕೆಲವು ಸಾವಿರದಲ್ಲಿ.

ಹಾಗೆಂದು ಸುಳ್ಳು ಭರವಸೆ ಕೂಡದು. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೂ ಹಗಲಿರುಳು ಕಾಯಲು ರಜೆ ಬಿಟ್ಟು ನಾಲ್ಕು ಜನ ಬೇಕು. ಇಬ್ಬರೇ ಇರುವ ಸಂಸ್ಥೆ 24 ಗಂಟೆಯ ಸೇವೆ ಎಂದು ಬರೆದರೆ ಆರು ತಿಂಗಳಲ್ಲಿ ಇಬ್ಬರೂ ಕುಸಿಯುತ್ತಾರೆ. ಕೆಲಸದ ಹೊತ್ತಿನಲ್ಲಿ ಇಷ್ಟು ನಿಮಿಷದೊಳಗೆ ಉತ್ತರ, ರಾತ್ರಿ ಸರ್ವರ್ ಪೂರ್ತಿ ನಿಂತರೆ ಮಾತ್ರ ಫೋನು, ಕೈಯಿಂದ ಮಾಡುವ ಕೆಲಸಕ್ಕೆ ಡೇಟಾ ಸೆಂಟರಿನ ಸಿಬ್ಬಂದಿಯ ನೆರವು ಎಂದು ಇದ್ದದ್ದನ್ನೇ ಬರೆಯುವುದು ಲೇಸು. ಲಭ್ಯತೆಯ ಮಾತೂ ಹಾಗೇ. ಶೇಕಡ 99.9 ಎಂದರೆ ತಿಂಗಳಿಗೆ ಸುಮಾರು 43 ನಿಮಿಷ ಸರ್ವರ್ ನಿಲ್ಲಬಹುದು. 99.99 ಎಂದರೆ ವರ್ಷಕ್ಕೆಲ್ಲ 53 ನಿಮಿಷ. ಒಂದೇ ಯಂತ್ರದ ಒಂದು ಮದರ್‌ಬೋರ್ಡ್ ಬದಲಿಸುವುದರಲ್ಲೇ ಅದು ಮುಗಿಯುತ್ತದೆ.

ಕೆಟ್ಟ ಗಿರಾಕಿ ಮತ್ತು ಕಾನೂನು

ಬಂದವರಿಗೆಲ್ಲ ಸರ್ವರ್ ಕೊಟ್ಟರೆ ಮೊದಲು ಬರುವವರು ಸ್ಪ್ಯಾಮ್ ಕಳಿಸುವವರು, ನಕಲಿ ಬ್ಯಾಂಕ್ ಪುಟ ಕಟ್ಟುವವರು, ಬೇರೆಯವರ ಮೇಲೆ ದಾಳಿ ಮಾಡುವವರು. ಹಣ ಮುಂಗಡ ಕೊಡುತ್ತಾರೆ, ಚೌಕಾಸಿ ಮಾಡುವುದಿಲ್ಲ. ಅವರಿಂದ ನಮ್ಮ ಐಪಿ ವಿಳಾಸಗಳು ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗೆ ಸೇರಿದರೆ ಪಕ್ಕದ ಪ್ರಾಮಾಣಿಕ ಗಿರಾಕಿಯ ಇಮೇಲ್ ಕೂಡ ಯಾರಿಗೂ ತಲುಪುವುದಿಲ್ಲ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಮೆಕೊಲೊ ಎಂಬ ಹೋಸ್ಟಿಂಗ್ ಕಂಪನಿ ಇತ್ತು. 2008ರ ನವೆಂಬರಿನಲ್ಲಿ ಅದಕ್ಕೆ ಇಂಟರ್ನೆಟ್ ಕೊಡುತ್ತಿದ್ದವರು ಸಂಪರ್ಕ ಕಿತ್ತರು. ಜಗತ್ತಿನ ಒಟ್ಟು ಸ್ಪ್ಯಾಮ್ ಆ ಕ್ಷಣಕ್ಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕಂಪನಿ ಅಲ್ಲಿಗೆ ಮುಗಿಯಿತು. ಕಣ್ಣು ಮುಚ್ಚಿ ಬಾಡಿಗೆ ಕೊಟ್ಟರೆ ಮೇಲಿನವರು ಒಂದು ದಿನ ತಂತಿ ಕೀಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಾರತದಲ್ಲಿ ಇದು ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್ ಸೇವೆ ಕೊಡುವವರು ಗಿರಾಕಿಯ ಹೆಸರು, ವಿಳಾಸ, ಸಂಪರ್ಕ, ಕೊಟ್ಟ ಐಪಿ ಮೊದಲಾದ ವಿವರಗಳನ್ನು ಪರಿಶೀಲಿಸಿ, ಅವನು ಬಿಟ್ಟುಹೋದ ಮೇಲೂ 5 ವರ್ಷ ಇಟ್ಟುಕೊಳ್ಳಬೇಕು. ಲಾಗ್‌ಗಳು 180 ದಿನ ಉಳಿಯಬೇಕು. ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಗಿರಾಕಿ ಹಾಕಿದ ವಿಷಯಕ್ಕೆ ಮಧ್ಯವರ್ತಿ ಹೊಣೆಯಲ್ಲ ಎಂಬ ರಕ್ಷಣೆಯನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಕೊಡುತ್ತದೆ. ಆದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ಹೋಗುತ್ತದೆ; ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಸ್ಪಷ್ಟಪಡಿಸಿತು. ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯ್ದೆಯೂ ಈಗ ಲೆಕ್ಕಕ್ಕೆ ಬರುತ್ತದೆ. ಬಾಡಿಗೆ ಮುಗಿದ ಸರ್ವರಿನ ಡಿಸ್ಕನ್ನು ಪೂರ್ತಿ ಅಳಿಸದೆ ಮುಂದಿನವರಿಗೆ ಕೊಡುವುದು ಇನ್ನು ಬರೀ ಅಸಡ್ಡೆ ಅನ್ನಿಸಿಕೊಳ್ಳುವುದಿಲ್ಲ.

ತೆರಿಗೆಯ ವಿಷಯ ಸರಳ. ಹೋಸ್ಟಿಂಗ್ ಸೇವೆಗೆ ಜಿಎಸ್‌ಟಿ ಶೇಕಡ 18. ಸೇವಾ ವ್ಯಾಪಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಆದರೆ ಯಂತ್ರ, ಜಾಗ, ಬ್ಯಾಂಡ್‌ವಿಡ್ತ್ ಎಲ್ಲದರ ಮೇಲೂ ನಾವು ತೆರಿಗೆ ಕಟ್ಟಿರುತ್ತೇವೆ. ಅದನ್ನು ವಜಾ ಮಾಡಿಕೊಳ್ಳಲು, ಕಂಪನಿ ಗಿರಾಕಿಗಳಿಗೆ ತೆರಿಗೆ ಬಿಲ್ಲು ಕೊಡಲು ಮೊದಲ ದಿನವೇ ನೋಂದಾಯಿಸಿಕೊಳ್ಳುವುದು ಜಾಣತನ.

ಬೆಂಕಿ, ಬ್ಯಾಕಪ್, ಕರಾರು

ಎಷ್ಟು ದೊಡ್ಡವರಿಗೂ ಅವಘಡ ತಪ್ಪಿದ್ದಲ್ಲ. 2008ರ ಮೇ 31ರಂದು ಹ್ಯೂಸ್ಟನ್ನಿನ ದಿ ಪ್ಲಾನೆಟ್ ಕಂಪನಿಯ ಡೇಟಾ ಸೆಂಟರಿನಲ್ಲಿ ವಿದ್ಯುತ್ ಕೋಣೆ ಸ್ಫೋಟಿಸಿತು. ಸರ್ವರಿಗೆ ಏನೂ ಆಗಿರಲಿಲ್ಲ, ಆದರೆ ಕರೆಂಟಿಲ್ಲದೆ ಸುಮಾರು 9,000 ಸರ್ವರ್ ನಿಂತವು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್‌ನ ಒಂದು ಕಟ್ಟಡವೇ ಸುಟ್ಟುಹೋಯಿತು. ಕೆಲವು ಗಿರಾಕಿಗಳ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಮೂಲದ ಜೊತೆ ನಕಲೂ ಹೋಯಿತು. 2023ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅಂಥ ಗಿರಾಕಿಯೊಬ್ಬರಿಗೆ ಪರಿಹಾರ ಕೊಡುವಂತೆ ಆದೇಶಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಹೋಸ್ಟಿಂಗ್ ಸಂಸ್ಥೆಗೆ ರ್‍ಯಾನ್ಸಮ್‌ವೇರ್ ನುಗ್ಗಿತು. ಬ್ಯಾಕಪ್ ಯಂತ್ರಗಳೂ ಅದೇ ಜಾಲದಲ್ಲಿ ತೆರೆದಿದ್ದವು. ಬಹುಪಾಲು ಗಿರಾಕಿಗಳ ಡೇಟಾ ಮರಳಿ ಸಿಗಲಿಲ್ಲ.

ಈ ಮೂರರಿಂದ ಸಣ್ಣವರು ಕಲಿಯಬೇಕಾದ್ದು ಇಷ್ಟು. ಬ್ಯಾಕಪ್ ಬೇರೆ ಊರಿನಲ್ಲಿರಲಿ. ಅದರ ಕೀಲಿಕೈ ಮುಖ್ಯ ಜಾಲದಲ್ಲಿ ಇರದಿರಲಿ. ತಿಂಗಳಿಗೊಮ್ಮೆ ಅದರಿಂದ ನಿಜವಾಗಿ ಒಂದು ಸರ್ವರ್ ಎಬ್ಬಿಸಿ ನೋಡಿ. ಡಿಸ್ಕ್ ಜೋಡಿಸುವ ರೇಡ್ ವ್ಯವಸ್ಥೆ ಬ್ಯಾಕಪ್ ಅಲ್ಲ; ಗಿರಾಕಿ ತಪ್ಪಿ ಅಳಿಸಿದ ಕಡತವನ್ನು ಅದು ಎರಡೂ ಡಿಸ್ಕಿನಿಂದ ಅಳಿಸುತ್ತದೆ. ಬ್ಯಾಕಪ್ ಯಾರ ಹೊಣೆ, ಎಷ್ಟು ದಿನದ್ದು, ಹೋದರೆ ಪರಿಹಾರದ ಮಿತಿ ಎಷ್ಟು ಎಂಬುದು ಕರಾರಿನಲ್ಲಿ ಅಚ್ಚಾಗಿರಲಿ. ಬಾಡಿಗೆ ಮುಂಗಡವಾಗಿ ಬರಲಿ. ತಡವಾದರೆ ಎಷ್ಟು ದಿನಕ್ಕೆ ಸರ್ವರ್ ನಿಲ್ಲುತ್ತದೆ, ಎಷ್ಟು ದಿನಕ್ಕೆ ಡೇಟಾ ಅಳಿಯುತ್ತದೆ ಎಂಬುದೂ ಬರೆದಿರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಈ ಎರಡು ಸಾಲು ಇಲ್ಲದಲ್ಲೇ.

ಕೊನೆಗೆ

ಎಲ್ಲ ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟ. ಯಂತ್ರದ ಬೆಲೆ, ಕರೆಂಟು, ವಿಳಾಸ, ಲೈಸೆನ್ಸು ಯಾವುದರಲ್ಲೂ ಸಣ್ಣವರಿಗೆ ದೊಡ್ಡವರಿಗಿಂತ ಅಗ್ಗ ಸಿಗುವುದಿಲ್ಲ. ಅವರಿಗೆ ಅಗ್ಗವಾಗಿ ಸಿಗುವುದು ಒಂದೇ, ಗಿರಾಕಿಯ ಕೆಲಸದ ಪರಿಚಯ. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಟ್ಯಾಲಿ ಸರ್ವರ್ ನಿಲ್ಲಬಾರದು, ಫಲಿತಾಂಶದ ದಿನ ಕಾಲೇಜಿನ ಪುಟ ತೆರೆಯಬೇಕು, ರಾತ್ರಿ ನರ್ಸಿಂಗ್ ಹೋಮಿನ ಬಿಲ್ಲಿಂಗ್ ಓಡುತ್ತಿರಬೇಕು ಎಂದು ತಿಳಿದಿರುವುದು ಪಕ್ಕದ ಊರಿನವನಿಗೆ, ಫ್ರಾಂಕ್‌ಫರ್ಟಿನವನಿಗಲ್ಲ.

ಬೇಗ ಶ್ರೀಮಂತರಾಗುವ ಆಸೆ ಇದ್ದವರಿಗೆ, ರಾತ್ರಿ ಫೋನು ಬಂದರೆ ಸಿಡುಕುವವರಿಗೆ, ಸಾಲದ ಹಣದಲ್ಲಿ ಮೊದಲೇ ಇಪ್ಪತ್ತು ಸರ್ವರ್ ಕೊಂಡು ಆಮೇಲೆ ಗಿರಾಕಿ ಹುಡುಕುವವರಿಗೆ ಈ ವ್ಯಾಪಾರ ಬೇಡ. ಉಳಿದವರು ಬಾಡಿಗೆಯ ಸರ್ವರಿನಲ್ಲೇ ಐದು ಗಿರಾಕಿಗಳನ್ನು ಒಂದು ವರ್ಷ ನೋಡಿಕೊಳ್ಳಲಿ. ವರ್ಷದ ಕೊನೆಗೆ ಅವರಲ್ಲಿ ನಾಲ್ವರಾದರೂ ಉಳಿದಿದ್ದರೆ ಮೊದಲ ಸ್ವಂತ ಯಂತ್ರ ಕೊಳ್ಳಬಹುದು. ಉಳಿದಿಲ್ಲವಾದರೆ ಯಂತ್ರ ಕೊಂಡರೂ ಅವರು ಉಳಿಯುತ್ತಿರಲಿಲ್ಲ.